ಸಮಾನ ಅಂದರೆ ಅರ್ಧರ್ಧ

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಅಕ್ಕನ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಷ್ಟು ಹೇಳಿದ್ದರೆ ನಮ್ಮ ಮನೆಯ ಐದರಲ್ಲಿ ನಾಲ್ಕು ಪಾಲು ಅಕ್ಕನ ಕಡೆಗೆ ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಆ ಹೊತ್ತಿಗೆ ನನ್ನ ಬಾಯಲ್ಲಿ ಬೇರೊಂದು ಮಾತು ಸಿದ್ಧವಾಗಿ ಕೂತಿತ್ತು. ಬಹಳ ಒಳ್ಳೆಯ ಮಾತು, ದೇಶದ ದೊಡ್ಡವರೆಲ್ಲ ಆಡುತ್ತಿದ್ದ ಮಾತು. ಸಮಾನತೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ. ಬೆಳ್ಳಾರೆ ಪೇಟೆಯಲ್ಲಿ ನನ್ನದೊಂದು ಗೋಲಿ ಸೋಡದ ಅಂಗಡಿ. ಐವತ್ತರ ದಶಕದಲ್ಲಿ ಓಟಿನ ಭಾಷಣಗಳೆಲ್ಲ ಆಗುತ್ತಿದ್ದದ್ದು ಅಂಗಡಿಯ ಎದುರಿನ ಮೈದಾನದಲ್ಲೇ. ಯಾವ ಪಕ್ಷದವರು ಬಂದರೂ ನನಗೆ ಸಂತೋಷ, ಏಕೆಂದರೆ ಭಾಷಣ ಕೇಳಿದವರಿಗೂ ಮಾಡಿದವರಿಗೂ ಗಂಟಲು ಒಣಗುತ್ತದೆ. ಸೋಡ ಒಡೆಯುತ್ತ ಒಡೆಯುತ್ತ ನಾನು ಎಷ್ಟೋ ಪದ ಕಲಿತೆ. ಮನೆಯಲ್ಲಿ ನಾವು ಆಡುವುದು ತುಳು. ಅಲ್ಲಿ ಇಲ್ಲದ ಪದಗಳೆಲ್ಲ ಕನ್ನಡದ ಮೈಕಿನಿಂದ ಬರುತ್ತಿದ್ದವು. ಅವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಸಮಾನತೆ. ಹೇಳುವಾಗ ಬಾಯಿ ತುಂಬುತ್ತದೆ. ಗಿರಾಕಿಗಳ ಮುಂದೆ ನಾನು ಅದನ್ನು ಆಗಾಗ ಹೇಳುತ್ತಿದ್ದೆ.

ಮೊದಮೊದಲು ಆ ಪದದ ಅರ್ಥ ಬಡವ ಬಲ್ಲಿದ ಒಂದೇ, ಮೇಲು ಕೀಳು ಇಲ್ಲ ಎಂದಾಗಿತ್ತು. ಅದನ್ನು ಅಷ್ಟು ಚಂದ ಮಾಡಿ ಹೇಳುತ್ತಿದ್ದ ನಾನೇ ಗದ್ದೆ ಕೆಲಸದವರು ಬಂದರೆ ಅಂಗಡಿಯ ಹೊರಗೆ ನಿಲ್ಲಿಸಿ, ಸೋಡವನ್ನು ಅವರು ತಂದ ತಂಬಿಗೆಗೆ ಮೇಲಿಂದ ಸುರಿಯುತ್ತಿದ್ದೆ. ಬೆಂಚು ಖಾಲಿ ಇದ್ದರೂ ಕೂರಿ ಎನ್ನಲಿಲ್ಲ. ಪದ ನನಗೆ ಬಾಯಿಪಾಠವಾಗಿತ್ತು, ಅಷ್ಟೆ.

ಆಮೇಲೆ ಅದೇ ಪದ ಹೆಂಗಸರ ಕಡೆಗೆ ತಿರುಗಿತು. ಗಂಡಿಗೂ ಹೆಣ್ಣಿಗೂ ಸಮಾನ ಹಕ್ಕು, ಹೊಸ ಕಾನೂನು ಬರುತ್ತದೆ ಎಂದು ಭಾಷಣವಾಯಿತು. ನಮ್ಮ ಮನೆಯ ಆಚೆ ಬದಿಯ ಗೌಡರ ಮನೆಯಾಕೆ ಅಕ್ಕನ ಗೆಳತಿ. ಅವರಲ್ಲಿ ಆಸ್ತಿ ಅಪ್ಪನಿಂದ ಗಂಡುಮಕ್ಕಳಿಗೆ. ಆಕೆ ಒಂದು ಸಂಜೆ ಬೇಲಿಯ ಬದಿಗೆ ಬಂದು ಅಕ್ಕನನ್ನು ಕರೆದರು.

"ಕೇಳಿದ್ರಾ? ಇನ್ನು ನಮಗೂ ಪಾಲು ಉಂಟಂತೆ."

"ನಿಮಗೆ ಈಗ ಬರುದು. ನಮ್ಮಲ್ಲಿ ಮೊದಲಿಂದಲೂ ಉಂಟಲ್ಲ," ಎಂದಳು ಅಕ್ಕ, ಸ್ವಲ್ಪ ಜಂಬದಿಂದಲೇ.

ಅದು ನಿಜವಾಗಿತ್ತು. ನಮ್ಮದು ಅಳಿಯಕಟ್ಟು. ನಮ್ಮಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಕ್ಕಳಿಗೆ ಹೋಗುತ್ತಿತ್ತು. ಗಂಡಸು ತಾಯಿಮನೆಯಲ್ಲಿ ಇರುವಷ್ಟು ದಿನ ಉಣ್ಣಬಹುದು, ದುಡಿಯಬಹುದು, ಯಜಮಾನಿಕೆ ಮಾಡಿ ಮೀಸೆ ತಿರುವಬಹುದು; ಆದರೆ ಅವನ ಹೆಂಡತಿ ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ಅವರಿಗೆ ಅವರ ತಾಯಿಮನೆ ಇದೆ. ನನ್ನ ಹೆಂಡತಿ ಮಕ್ಕಳು ಕಡಬದ ಹತ್ತಿರ ಅವಳ ತಾಯಿಮನೆಯಲ್ಲಿ ಆರಾಮವಾಗಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಅಳಿಯನ ಉಪಚಾರ ಮಾಡಿಸಿಕೊಂಡು ಬರುತ್ತಿದ್ದೆ. ಬೆಳ್ಳಾರೆಯ ಮನೆಯಲ್ಲಿ ನಾನು, ಅಕ್ಕ, ಅವಳ ಮೂವರು ಮಕ್ಕಳು. ಬಾವ ತೀರಿಕೊಂಡಿದ್ದರು. ಅವರ ಉಪ್ಪಿನಂಗಡಿಯ ಮನೆ ಅವರ ತಂಗಿಯರ ಮಕ್ಕಳಿಗೆ ಹೋದದ್ದರಿಂದ ಅಕ್ಕನಿಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ಇದ್ದದ್ದು ನಮ್ಮ ಮನೆ ಒಂದೇ.

ಹೊಸ ಕಾನೂನು ಬಂತು. ಅದರ ಸುದ್ದಿ ನನಗೆ ತಲುಪಿದ್ದು ಅಂಗಡಿಯ ಬೆಂಚಿನಲ್ಲಿ. ನಮ್ಮಂಥದೇ ಮನೆಗಳ ಗಂಡಸರು ನಾಲ್ಕು ಜನ ಸೇರಿದರೆ ಅದೇ ಮಾತು.

"ಇನ್ನು ನಾವು ಪಾಲು ಕೇಳ್ಬಹುದು. ನಮ್ಮ ಪಾಲು ನಮ್ಮ ಹೆಂಡತಿ ಮಕ್ಕಳಿಗೇ ಹೋಗುದು."

"ಅಲ್ಲ ಮತ್ತೆ, ಹೆಂಗಸರಿಗೆ ಮಾತ್ರವಾ ಸಮಾನತೆ? ನಾವೆಂತ ಬಿಟ್ಟಿ ಸಿಕ್ಕಿದವರಾ?"

ಹೀಗೆ ನನ್ನ ಇಷ್ಟದ ಪದ ಮೂರನೇ ಅರ್ಥ ಹೊತ್ತು ನನ್ನ ಪಕ್ಕದಲ್ಲೇ ಬಂದು ಕೂತಿತು. ಊರೆಲ್ಲ ಅಣ್ಣಂದಿರು ಕೊಡುವುದು, ತಂಗಿಯರು ಪಡೆಯುವುದು ಎಂದು ಅರ್ಥವಿದ್ದ ಪದ ನಮ್ಮ ಜಾತಿಯಲ್ಲಿ ಮಾತ್ರ ತಲೆಕೆಳಗಾಗಿ, ಅಕ್ಕಂದಿರಿಂದ ತಮ್ಮಂದಿರು ತೆಗೆದುಕೊಳ್ಳುವುದು ಎಂದಾಯಿತು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕಂಡದ್ದು ನನ್ನ ಪಾಲು ಮಾತ್ರ.

ಪಾಲಿನ ಮಾತು ಎತ್ತಿದ್ದು ನಾನೇ. ಅಕ್ಕ ಜಗಳ ಮಾಡಲಿಲ್ಲ. "ಕಾನೂನೇ ಹೇಳುದಾದ್ರೆ ಆಗಲಿ," ಎಂದಳು. ಪಾಲು ತೀರ್ಮಾನಿಸಲು ಹಿರಿಯರು ಕೂರುವ ಹಿಂದಿನ ದಿನ ನನಗೆ ನೀರುದೋಸೆ ಮಾಡಿ ಹಾಕಿದಳು. ಎದುರಿಗೆ ಕೂತು, ನಾನು ತಿನ್ನುವುದನ್ನೇ ನೋಡುತ್ತ ಹೇಳಿದಳು:

"ತಲೆ ಲೆಕ್ಕದಲ್ಲಿ ಆದ್ರೆ ನನಗೇನು ತಕರಾರಿಲ್ಲ. ಮಕ್ಕಳೂ ಈ ಮನೆಯವರೇ ಅಲ್ವಾ? ಐದು ತಲೆ, ಐದು ಪಾಲು. ನಿನ್ನದು ನೀನು ತಗೋ. ಆದ್ರೆ ಅದನ್ನ ನೀನೇ ಹೇಳ್ಬೇಕು ತಮ್ಮ. ನಾನು ಹೇಳಿದ್ರೆ ಆಸೆಬುರುಕಿ ಅಂತಾರೆ."

ಬಾಯಿ ತುಂಬ ದೋಸೆ ಇತ್ತು. ನಾನು ತಲೆಯಾಡಿಸಿದೆ. ಅವಳು ಅದನ್ನು ಒಪ್ಪಿಗೆ ಎಂದುಕೊಂಡು ಇನ್ನೊಂದು ದೋಸೆ ಹಾಕಿದಳು. ಆ ಕ್ಷಣ ನಾನೂ ಒಪ್ಪಿಯೇ ಇದ್ದೆ ಅನ್ನಿಸುತ್ತದೆ.

ನಮ್ಮಲ್ಲಿ ಆಸ್ತಿ ಹೆಂಗಸಿನದಾದರೂ ಅದರ ಮಾತು ಆಡುವವರು ಗಂಡಸರು. ಮರುದಿನ ಚಾವಡಿಯಲ್ಲಿ ಹಿರಿಯರು ಎಲೆಯಡಿಕೆ ಹಾಕಿಕೊಂಡು ಕೂತರು. ಅಕ್ಕ ಒಳಬಾಗಿಲ ಹಿಂದೆ ನಿಂತಿದ್ದಳು. ನಮ್ಮ ಅಮ್ಮನ ಸೋದರಮಾವ, ಎಲ್ಲರಿಗಿಂತ ಹಿರಿಯರು, ನನ್ನ ಕಡೆ ತಿರುಗಿದರು.

"ಹಿಂದಿನ ಕ್ರಮ ತಲೆ ಲೆಕ್ಕ. ಈಗ ಹೊಸ ಕಾನೂನು ಬಂದಿದೆ ಅಂತಾರೆ. ನನಗದೆಲ್ಲ ಗೊತ್ತಾಗುದಿಲ್ಲ. ನೀನು ಪೇಟೆಯಲ್ಲಿ ಭಾಷಣ ಕೇಳಿದವ. ಹೇಳು, ಹೇಗೆ ಮಾಡುದು?"

ಒಳಬಾಗಿಲ ಹತ್ತಿರ ಬಳೆ ಸದ್ದಾಯಿತು. ಚಾವಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಲ್ಕನೇ ಕ್ಲಾಸಿನವನನ್ನು ಹಾಗೆ ಯಾರೂ ಎಂದೂ ನೋಡಿರಲಿಲ್ಲ. ನಾನು ಸ್ವಲ್ಪ ಎದೆ ಮುಂದೆ ಮಾಡಿ ಕೂತು ಹೇಳಿದೆ:

"ಈಗ ಸಮಾನತೆಯ ಕಾಲ. ಅಕ್ಕ ಒಬ್ಬಳು, ತಮ್ಮ ಒಬ್ಬ. ಸಮಾನ ಅಂದ್ರೆ ಅರ್ಧರ್ಧ."

ಹಿರಿಯರು ಒಳಬಾಗಿಲ ಕಡೆ ನೋಡಿದರು. "ಆಗಲಿ," ಎಂದರು.

ಅರ್ಧರ್ಧ ಎಂದ ಮೇಲೆ ನಾನು ಅದನ್ನು ಚಾಚೂ ತಪ್ಪದೆ ಮಾಡಿಸಿದೆ. ಬೈಲಿನ ಗದ್ದೆಯ ನಡುವೆ ಹುಣಿ, ಅಂದರೆ ಮಣ್ಣಿನ ಬದು, ಎದ್ದಿತು. ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಅಡುಗೆಕೋಣೆ ನನ್ನ ಕಡೆಗೆ ಬಂತು. ಅಕ್ಕ ಪಡುವಣ ಜಗಲಿಗೆ ಹೆಣೆದ ತೆಂಗಿನ ಮಡಲು ಇಳಿಸಿ ಒಲೆ ಹೂಡಿಕೊಂಡಳು. ಪಾತ್ರೆ ಪಡಗವೂ ಸಮನಾಗಿ ಹಂಚಿ ಹೋಯಿತು. ಕಡೆಯುವ ಕಲ್ಲು ನನ್ನ ಪಾಲಿಗೆ, ಅದರ ಗುಂಡು ಅಕ್ಕನ ಪಾಲಿಗೆ. ಎರಡನ್ನೂ ಬೇರೆ ಮಾಡಿದರೆ ಯಾರೂ ಚಟ್ನಿ ಅರೆಯಲಾರರು ಎಂದು ಅಷ್ಟು ಜನ ಹಿರಿಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರಾರೂ ಚಟ್ನಿ ಅರೆದವರಲ್ಲ.

ನನ್ನ ಹೆಂಡತಿ ಬೆಳ್ಳಾರೆಗೆ ಬರಲು ಒಪ್ಪಲಿಲ್ಲ. "ನನಗೆ ನನ್ನ ಮನೆ ಉಂಟು. ನಿಮ್ಮ ಅಕ್ಕನ ಮನೆಯಲ್ಲಿ ನಾನೆಂತ ಮಾಡುದು?" ಎಂದಳು. ಹಾಗಾಗಿ ನನ್ನ ಅರ್ಧಕ್ಕೆ ಬೀಗ ಬಿತ್ತು. ನಾಚಿಕೆಯಿಂದ ನಾನು ಅಂಗಡಿಯಲ್ಲೇ ಮಲಗತೊಡಗಿದೆ. ಗೋಡೆಯ ಆಚೆ ಬದಿಯಲ್ಲಿ ಖಾಲಿ ಕೋಣೆಗಳು, ಈಚೆ ಬದಿಯಲ್ಲಿ ಅಕ್ಕ ಮೂರು ಮಕ್ಕಳನ್ನು ಒಂದೇ ಚಾಪೆಯಲ್ಲಿ ಅಡ್ಡಡ್ಡ ಮಲಗಿಸುತ್ತಿದ್ದಳು. ಸಮಾನತೆಯಿಂದ ನನಗೆ ಅರ್ಧ ಮನೆ ಮತ್ತು ಕಡಬದ ಮನೆ ಎರಡೂ ಆಯಿತು. ಅವಳಿಗೆ ಅರ್ಧ ಮನೆ ಮಾತ್ರ.

ಅಕ್ಕ ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸಂತೆಯ ದಿನ ಅಂಗಡಿಗೆ ಬರುತ್ತಿದ್ದಳು, ಬೆಂಚಿನಲ್ಲಿ ಕೂತು ಸೋಡ ಕೇಳುತ್ತಿದ್ದಳು. ಸರಿಯಾಗಿ ಅರ್ಧ ಕುಡಿದು ಬಾಟ್ಲಿಯನ್ನು ನನ್ನ ಮುಂದೆ ಇಡುತ್ತಿದ್ದಳು.

"ಇದು ನಿನ್ನದು."

"ಪೂರ್ತಿ ಕುಡಿ ಅಕ್ಕ."

"ಬೇಡಪ್ಪ. ನಾಳೆ ಪಂಚಾಯಿತಿ ಕೂರಿಸ್ತಿ."

ಬೆಂಚಿನಲ್ಲಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗ್ಯಾಸು ಹೋದ ಆ ಅರ್ಧ ಸೋಡವನ್ನು ಅವಳು ಹೋದ ಮೇಲೆ ಚರಂಡಿಗೆ ಚೆಲ್ಲುತ್ತಿದ್ದೆ.

ಹೀಗೇ ಕೆಲವು ವರ್ಷ ಹೋದವು. ಅರವತ್ತರ ದಶಕ ನಡುವಿಗೆ ಬರುವಾಗ ಕಡಬದಿಂದ ಹೆಂಡತಿ ಹೇಳಿ ಕಳುಹಿಸಿದಳು: ನನ್ನ ತಮ್ಮ ಪಾಲು ಕೇಳುತ್ತಿದ್ದಾನೆ, ಕೂಡಲೇ ಬನ್ನಿ. ನಾನು ಅಂಗಡಿ ಮುಚ್ಚಿ ಹೋದೆ. ಅಲ್ಲಿಯೂ ಅದೇ ಥರದ ಚಾವಡಿ, ಅದೇ ಎಲೆಯಡಿಕೆ. ನನ್ನ ಹೆಂಡತಿ ಒಳಬಾಗಿಲ ಹಿಂದೆ. ಅವಳ ತಮ್ಮ, ಉಳುವುದು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಸೀದಾ ಮನುಷ್ಯ, ಕಂಬಕ್ಕೆ ಒರಗಿ ಕೂತಿದ್ದ. ಅವನ ಬೇಡಿಕೆ ಏನು ಎಂದು ಹಿರಿಯರು ಕೇಳಿದರು.

"ಅಕ್ಕನಿಗೆ ಅರ್ಧ, ನನಗೆ ಅರ್ಧ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಅದು ಹೇಗೆ ಆಗ್ತದೆ? ನಿನ್ನ ಅಕ್ಕ ಒಬ್ಬಳೇ ಅಲ್ಲ. ನಾಲ್ಕು ಮಕ್ಕಳು ಈ ಮನೆಯಲ್ಲೇ ಹುಟ್ಟಿದ್ದು. ಅವರೂ ಈ ಮನೆಯ ತಲೆಗಳೇ. ಬಾಯಿ ಎಷ್ಟು ಉಂಟು ಅಂತ ನೋಡ್ಬೇಕು, ತಲೆ ಎಷ್ಟು ಉಂಟು ಅಂತ ನೋಡ್ಬೇಕು. ಅದನ್ನ ಬಿಟ್ಟು ಹಂಚಿದ್ರೆ ಅದು ನ್ಯಾಯವಾ?"

ಬಹಳ ಚೆನ್ನಾಗಿ ಹೇಳಿದೆ. ಮೈಕು ಕೊಟ್ಟಿದ್ದರೆ ಇನ್ನೂ ಹೇಳುತ್ತಿದ್ದೆ. ನನ್ನ ಹೆಂಡತಿಯ ತಮ್ಮ ಕಣ್ಣರಳಿಸಿ ನನ್ನನ್ನು ನೋಡಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ:

"ಬಾವ, ಬೆಳ್ಳಾರೆಯಲ್ಲಿ ನೀವು ಅರ್ಧರ್ಧ ಅಂತ ಮಾಡಿದ್ದಲ್ವಾ? ಅದೇ ಈಗಿನ ಕ್ರಮ ಅಂತ ನಾನು ತಿಳ್ಕೊಂಡದ್ದು. ನಿಮ್ಮನ್ನ ನೋಡಿಯೇ ಕೇಳಿದ್ದು ನಾನು."

ಒಬ್ಬರು ಉಗುಳಲು ಎದ್ದು ಹೊರಗೆ ಹೋದರು. ನಗು ತಡೆಯಲಾಗದೆ ಎಂದು ನನಗೆ ಗೊತ್ತಾಯಿತು. ನಾನು ಮೆಲ್ಲನೆ ಕೂತೆ. ಅವನು ಕಾಲ್ಬೆರಳು ನೋಡುತ್ತ ತಾನೇ ಹೇಳಿದ:

"ಬಾವ ಹೇಳಿದ್ದು ಸರಿಯೇ. ತಲೆ ಲೆಕ್ಕವೇ ಆಗಲಿ. ಅಕ್ಕನ ಮಕ್ಕಳು ಎಲ್ಲಿ ಹೋಗ್ಲಿಕ್ಕುಂಟು?"

ನನ್ನ ಅಕ್ಕ ನನ್ನ ಬಾಯಿಂದ ಕೇಳಬೇಕೆಂದು ಬಾಗಿಲ ಹಿಂದೆ ನಿಂತಿದ್ದ ಮಾತು ಅದು. ಒಬ್ಬ ತಮ್ಮ ಅದನ್ನು ಇಷ್ಟು ಸುಲಭವಾಗಿ ಹೇಳಬಹುದು ಎಂದು ಆ ದಿನ ಕಂಡೆ. ಪದ ಮತ್ತೆ ಅರ್ಥ ಬದಲಿಸಿತ್ತು, ಈ ಸಲ ಸಮಾನತೆ ಎಂಬುದನ್ನು ಬಾಯಲ್ಲಿ ಹೇಳದವನ ಕೈಯಲ್ಲಿ. ಹೆಂಡತಿ ಊಟಕ್ಕೆ ಬಡಿಸುವಾಗ ಕೇಳಿದಳು: "ಇಷ್ಟು ಚಂದ ಮಾತಾಡ್ಲಿಕ್ಕೆ ಬರ್ತದೆ ನಿಮಗೆ. ಅಲ್ಲಿ ಯಾಕೆ ಆಡ್ಲಿಲ್ಲ?"

ಬೀಗ ತೆಗೆಸಿ ಗೋಡೆ ಕೆಡವಬೇಕು, ಅಕ್ಕನ ಮಕ್ಕಳ ಪಾಲು ಅವರಿಗೆ ಬರೆದುಕೊಡಬೇಕು ಎಂದು ಊಟ ಮುಗಿಯುವ ಮೊದಲೇ ನಿಶ್ಚಯ ಮಾಡಿದೆ. ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಕ್ಕನ ಹತ್ತಿರ ಬಾಯಿಬಿಡುವುದು. ಎರಡು ಸಲ ಅವಳ ಅಂಗಳಕ್ಕೆ ಹೋಗಿ ದನದ ಕೆಚ್ಚಲಿನ ವಿಷಯ ಮಾತಾಡಿ ವಾಪಸು ಬಂದೆ. ಆ ದನಕ್ಕೆ ಕೆಚ್ಚಲಿನ ತೊಂದರೆ ಏನೂ ಇರಲಿಲ್ಲ.

ಕೊನೆಗೆ ಅದು ಆದದ್ದು ಪುತ್ತೂರಿನಿಂದ ಬೆಳ್ಳಾರೆಗೆ ಬರುವ ಬಸ್ಸಿನಲ್ಲಿ. ನಾನು ಸೋಡದ ಗ್ಯಾಸಿನ ಕೆಲಸಕ್ಕೆ ಹೋದವ, ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿದ್ದೆ. ಅಕ್ಕ ಮುಂದೆ ಹೆಂಗಸರ ಸೀಟಿನಲ್ಲಿ ಕಿಟಕಿಯ ಬದಿಗೆ ಕೂತಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಬೆನ್ನಿಗೆ ಹೇಳುವುದು ಸುಲಭ ಎನ್ನಿಸಿತು. ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ಅವಳ ಸೀಟಿನ ಹಿಂದಿನ ಕಂಬಿ ಹಿಡಿದು ಬಗ್ಗಿದೆ.

"ಅಕ್ಕ, ನನ್ನದು ತಪ್ಪಾಯ್ತು."

ಅವಳು ತಿರುಗಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದಳು, "ಎಂತ? ಕೇಳುದಿಲ್ಲ ಮಾರಾಯ. ಜೋರು ಹೇಳು."

"ತಪ್ಪಾಯ್ತು ಅಂದೆ."

"ಯಾವುದು?"

ಪಕ್ಕದ ಸೀಟಿನ ಅಜ್ಜಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ನನ್ನತ್ತ ತಿರುಗಿದರು. "ಅವರಿಗೆ ಕೇಳ್ಲಿಲ್ಲ, ಸರಿ ಬಿಡಿಸಿ ಹೇಳಿ," ಎಂದರು. ಹಿಂದಿನಿಂದ ಕಂಡಕ್ಟರು, "ಎಂತ ಬೇಕಾದ್ರೂ ಹೇಳಿ, ದಾರಿ ಬಿಡಿ ಮಾರಾಯ್ರೆ," ಎಂದ. ಬಸ್ಸು ಏರು ಹತ್ತುತ್ತ ನರಳುತ್ತಿತ್ತು. ಇಷ್ಟು ಜನರ ಮುಂದೆ ಮಾತಾಡಿ ನನಗೆ ಅಭ್ಯಾಸ ಇತ್ತು, ಹೀಗೆ ಅಲ್ಲ. ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ:

"ನೀನು ಬಾಗಿಲ ಹಿಂದೆ ಕಾದು ನಿಂತಿದ್ದಿ, ನಾನು ನಿನ್ನ ಮಕ್ಕಳನ್ನ ಬಿಟ್ಟು ಅರ್ಧರ್ಧ ಅಂದೆ. ಅದು ಕಾನೂನು ಹೇಳಿದ್ದಲ್ಲ, ನನ್ನ ಆಸೆ ಹೇಳಿದ್ದು. ನನ್ನನ್ನ ಕ್ಷಮಿಸು ಅಕ್ಕ."