ಕೆಂಪು ದಾರದ ಬಾಟಲಿ

ಫಿಜಿಯ ಬಾ ಪಟ್ಟಣದ ಹೊರಗೆ ರಾಮ್‌ರತಿ ನಾಲ್ಕು ಹಸು ಕಟ್ಟಿಕೊಂಡು ಬದುಕಿದವಳು. ಗಂಡ ತೀರಿಕೊಂಡ ವರ್ಷವೇ ಕಬ್ಬಿನ ಗದ್ದೆಯ ಗುತ್ತಿಗೆಯೂ ಮುಗಿದುಹೋಯಿತು. ಅವಳಿಗೂ ಅತ್ತೆ ಬುಧನಿಗೂ ಉಳಿದದ್ದು ಹಾಲು ಮಾರುವ ಲೈಸೆನ್ಸೊಂದೇ. ಕರೆದು ಬಾಟಲಿಗೆ ತುಂಬುವವಳು ರಾಮ್‌ರತಿ, ಬಾಟಲಿಯ ಬಾಯಿಗೆ ಬಾಳೆಲೆ ಸುರುಳಿ ತುರುಕುವವಳು ಅತ್ತೆ, ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವವನು ಪಕ್ಕದಲ್ಲೇ ಬೇರೆ ಮನೆ ಮಾಡಿಕೊಂಡಿದ್ದ ಮೈದುನ ಜೋಖನ್. ಪ್ರತಿ ಮನೆಗೂ ಅವರವರದೇ ಬಾಟಲಿ, ಗುರುತಿಗೆ ಕತ್ತಿನಲ್ಲಿ ಬಣ್ಣದ ದಾರ.

ಹಾಲು ಗಂಜಿತಿಳಿಯ ಹಾಗಿದೆ ಎಂದು ದರ್ಜಿಯ ಹೆಂಡತಿ ಫೂಲ್‌ಕುಮಾರಿ ದೂರು ಕೊಟ್ಟಳು. ಮರುದಿನವೇ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಅಪಿಸಾಯಿ ಸೇತುವೆ ಹತ್ತಿರ ಜೋಖನ್‌ನನ್ನು ತಡೆದು, ಎರಡು ಬಾಟಲಿ ಎತ್ತಿಕೊಂಡು, ಹಾಲಿಗೆ ನೀರು ಬೆರೆತಿದ್ದರೆ ಮುಳುಗುವ ಗಾಜಿನ ಕಡ್ಡಿ ಇಳಿಬಿಟ್ಟ. ಹಳದಿ ದಾರದ ಬಾಟಲಿಯ ಹಾಲು ಚೆನ್ನಾಗಿತ್ತು. ಫೂಲ್‌ಕುಮಾರಿಯ ಕೆಂಪು ದಾರದ ಬಾಟಲಿಯಲ್ಲಿ ಕಡ್ಡಿ ಮುಳುಗಿಯೇ ಹೋಯಿತು.

ಆತ ನೇರ ರಾಮ್‌ರತಿಯ ಅಂಗಳಕ್ಕೆ ಬಂದ. "ಒಂದೇ ಬಕೆಟ್ಟಿನ ಹಾಲು ಎರಡು ಥರ ಹೇಗಾಗುತ್ತೆ ಅಕ್ಕಾ? ನೀರು ದಾರೀಲಿ ಬಿದ್ದಿದ್ರೆ ತಂದವನ ತಪ್ಪು. ಮನೇಲೇ ಬಿದ್ದಿದ್ರೆ ಲೈಸೆನ್ಸ್ ಹೋಗುತ್ತೆ. ನಾಳೆ ಕರೆಯೋ ಹೊತ್ತಿಗೆ ಬರ್ತೀನಿ."

ರಾಮ್‌ರತಿಯ ತಲೆಯೊಳಗೆ ಹುಳ ಹೊಕ್ಕಿತು. ಸೇತುವೆಯ ಪಕ್ಕ ನಲ್ಲಿಯಿದೆ. ಜೋಖನ್ ದಿನಾ ಅಲ್ಲಿ ಸೈಕಲ್ ನಿಲ್ಲಿಸಿ ಮುಖ ತೊಳೆಯುತ್ತಾನೆ. ಈಚೆಗೆ ಖಾಲಿ ಬಾಟಲಿಗಳನ್ನೂ ತಡವಾಗಿ ತರುತ್ತಿದ್ದಾನೆ. ಉಳಿಸಿದ ಹಾಲನ್ನು ಟೀ ಅಂಗಡಿಗೆ ಕೊಡುತ್ತಿರಬಹುದೇ? ಸಂಜೆ ಅವನಿಗೆ ರೊಟ್ಟಿ ಬಡಿಸುತ್ತಾ ನಲ್ಲಿಯ ಮಾತೆತ್ತಿದಳು.

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. "ಮುಖ ತೊಳ್ಕೊಳೋಕೆ ನಲ್ಲಿ, ಅತ್ತಿಗೆ. ಹಾಲು ತೊಳೆಯೋಕಲ್ಲ," ಎಂದವನೇ ಎದ್ದು ಹೋದ. ಅತ್ತೆ ಒಲೆಯ ಕಡೆ ತಿರುಗಿ ಆರಿದ ಬೂದಿಯನ್ನೇ ಕೆದಕತೊಡಗಿದಳು. ಅದೂ ರಾಮ್‌ರತಿಗೆ ಸರಿಕಾಣಲಿಲ್ಲ.

ಬೆಳಗ್ಗೆ ಬಾಟಲಿಗಳನ್ನು ತುಂಬಿಟ್ಟು, ಕರುವನ್ನು ಬಿಡುವ ನೆಪದಲ್ಲಿ ಕೊಟ್ಟಿಗೆಯ ಹಿಂದೆ ಹೋಗಿ ತಗಡಿನ ಸಂದಿಯಲ್ಲಿ ಕಣ್ಣಿಟ್ಟಳು. ಬುಧನಿ ಸೆರಗಿನಡಿಯಿಂದ ಲೋಟ ತೆಗೆದು ಒಂದೊಂದು ಬಾಟಲಿಗೂ ಎರಡೆರಡು ಹನಿ ತೊಟ್ಟಿಕ್ಕಿಸಿದಳು. ಕೆಂಪು ದಾರದ್ದು ಬಂದಾಗ ಲೋಟವನ್ನೇ ಬಗ್ಗಿಸಿದಳು.

"ಏನತ್ತೆ ಇದು?"

"ಅಪ್ಪಟ ಹಾಲು ಹೊಸ್ತಿಲು ದಾಟಿದ್ರೆ ಹಸುಗೆ ದೃಷ್ಟಿಯಾಗುತ್ತೆ. ನಮ್ಮತ್ತೆನೂ ಎರಡು ಹನಿ ಹಾಕೋಳು."

"ಇದು ಎರಡು ಹನಿನಾ?"

"ಆ ದರ್ಜಿ ಹೆಂಡ್ತಿ ಕಣ್ಣು ಗೊತ್ತಿಲ್ವಾ ನಿಂಗೆ? ಹನಿಗೆಲ್ಲ ಬಗ್ಗೋ ಕಣ್ಣಲ್ಲ ಕಣೇ ಅದು."

ಹಾಲು ತೆಳುವಾಯಿತೆಂದು ಫೂಲ್‌ಕುಮಾರಿ ಬಾಟಲಿಯನ್ನು ದಿಟ್ಟಿಸುತ್ತಿದ್ದಳು. ಅವಳು ದಿಟ್ಟಿಸುತ್ತಾಳೆಂದು ಮುದುಕಿ ಇನ್ನಷ್ಟು ನೀರು ಹಾಕುತ್ತಿದ್ದಳು.

ರಾಮ್‌ರತಿ ಬಾಟಲಿಗಳ ಹಾಲನ್ನು ಚೆಲ್ಲಿ ಬಕೆಟ್ಟಿನಲ್ಲಿ ಉಳಿದದ್ದನ್ನು ತುಂಬುವಷ್ಟರಲ್ಲಿ ಅಪಿಸಾಯಿಯ ಜೀಪು ಬಂತು. ಜೋಖನ್‌ನನ್ನೂ ಸೈಕಲ್ ಸಮೇತ ಕರೆತಂದಿದ್ದ. ಗಾಜಿನ ಕಡ್ಡಿ ಎಲ್ಲ ಬಾಟಲಿಗಳಲ್ಲೂ ತೇಲಿತು.

"ಮನೇಲಿ ಹಾಲು ಸರಿಯಿದೆ," ಎಂದ ಅಪಿಸಾಯಿ. "ಹಾಗಾದ್ರೆ ದಾರೀಲೇ ಬಿದ್ದಿರಬೇಕು. ಇವನನ್ನು ಬಿಡಿಸಿ ಬೇರೆ ಯಾರನ್ನಾದ್ರೂ ಹಾಕ್ಕೋ ಅಕ್ಕಾ, ನಿನ್ನ ಲೈಸೆನ್ಸಿಗೆ ಏನೂ ಆಗಲ್ಲ."

ತಲೆಯಾಡಿಸಿದ್ದರೆ ಸಾಕಿತ್ತು. ಜೋಖನ್ ಅವಳ ಮುಖ ನೋಡಲಿಲ್ಲ, ಸೈಕಲ್ಲಿನ ಬೆಲ್ಲನ್ನು ಬೆರಳಲ್ಲಿ ಒರೆಸುತ್ತಿದ್ದ. ಇವಳು ಏನು ಹೇಳುತ್ತಾಳೆಂದು ಮೊದಲೇ ತಿಳಿದವನ ಹಾಗೆ.

"ನೀರು ನನ್ನ ಮನೇಲೇ ಬಿದ್ದದ್ದು," ಎಂದಳು ರಾಮ್‌ರತಿ. "ಅವನದಲ್ಲ."

ಯಾರು ಹಾಕಿದರೆಂದು ಆತ ಕೇಳಿದ. ಲೈಸೆನ್ಸು ತನ್ನದು, ಅಷ್ಟು ಸಾಲದೇ ಎಂದಳು. ಮಳೆಗಾಲ ಮುಗಿಯುವವರೆಗೆ ಲೈಸೆನ್ಸು ಅಮಾನತಾಯಿತು. ಅಷ್ಟು ದಿನವೂ ಹಾಲನ್ನು ಕಾಯಿಸಿ ತುಪ್ಪ ಮಾಡಿ, ಅಕ್ಕಪಕ್ಕದವರಿಗೆ ಕೊಟ್ಟು ಅಕ್ಕಿ ತಂದರು. ಇದೆಲ್ಲ ಫೂಲ್‌ಕುಮಾರಿಯ ಕಣ್ಣಿನದೇ ಕೆಲಸವೆಂದು ಬುಧನಿ ಕಡೆಯವರೆಗೂ ನಂಬಿದ್ದಳು.

ಲೈಸೆನ್ಸು ಮರಳಿ ಬಂದ ದಿನ ಜೋಖನ್ ಯಾರೂ ಹೇಳಿಕಳಿಸದೆಯೇ ಬಂದ. ಆದರೆ ಸೈಕಲ್ಲನ್ನು ಗೇಟಿನಲ್ಲಿ ನಿಲ್ಲಿಸದೆ ಕೊಟ್ಟಿಗೆಯೊಳಕ್ಕೇ ತಳ್ಳಿಕೊಂಡು ಬಂದು, ಹಸುವಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ನೀನು ಕರಿ ಅತ್ತಿಗೆ. ಬಾಟಲಿ ಬಾಯಿ ನಾನೇ ಮುಚ್ತೀನಿ."

ರಾಮ್‌ರತಿ ಕರೆದಳು. ಎಲ್ಲಿ ನೀರು ಬಿದ್ದೀತೋ ಎಂದು ಅವನು ಅವಳ ಕೈಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳೂ ತೆಗಿ ಎನ್ನಲಿಲ್ಲ.