ಫೈಲಿನಲ್ಲಿದ್ದ ಅಮ್ಮನ ನಂಬರು

ನಮ್ಮಕ್ಕನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಫೋನಿನಲ್ಲಿ ಮಾತಾಡುತ್ತಾ ನನ್ನ ಹೊಲಿಗೆ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಸಲ ಓಡಾಡುತ್ತಾಳೆಂದರೆ, ಗಿರಾಕಿಗಳು "ಇವರು ಯಾರಿಗಾದ್ರೂ ಕಾಯ್ತಿದ್ದಾರಾ?" ಎಂದು ಕೇಳುತ್ತಾರೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಅದನ್ನು ಪರೀಕ್ಷಿಸುವ ಕೆಲಸ ಅವಳದು. ತಪ್ಪು ಹುಡುಕಿದ್ದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ; ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾಳೆ.

ವಾರಕ್ಕೆರಡು ದಿನ ಅವಳ ಆಫೀಸು ನನ್ನ ಕತ್ತರಿಸುವ ಮೇಜಿನ ತುದಿಯಲ್ಲೇ. ಮನೆ ಅಂಗಡಿಯ ಹಿಂದೆ. ಪರೀಕ್ಷೆಗಳು ಕಂಪ್ಯೂಟರಿನಲ್ಲಿ ತಾವಾಗಿಯೇ ಓಡುತ್ತವಂತೆ. ಆದರೆ ಮೊದಲು ಒಂದೊಂದರ ಒಳಗೂ ವಿಳಾಸ, ಪಾಸ್‌ವರ್ಡ್, ಫೋನ್ ನಂಬರು ಎಲ್ಲ ಬರೆದಿಟ್ಟಿದ್ದರು. ಒಂದು ಬದಲಾದರೆ ಇನ್ನೂರು ಕಡೆ ತಿದ್ದಬೇಕು. ಅವಳ ಗೊಣಗಾಟ ತಾಳಲಾರದೆ ಒಂದು ದಿನ, "ಅಲ್ಲಕ್ಕಾ, ಗಿರಾಕಿ ಅಳತೆನ ನಾನು ಬಟ್ಟೆ ಮೇಲೆ ಬರೀತೀನಾ? ಪುಸ್ತಕದಲ್ಲಿ ಬರೆದಿಡ್ತೀನಿ, ಬೇಕಾದಾಗ ನೋಡ್ಕೋತೀನಿ" ಅಂದೆ. "ಅದೇ ಕಣೋ ನಾನು ಮಾಡಬೇಕಿರೋದು, ದೊಡ್ಡ ಪಂಡಿತ" ಎಂದು ಮೂತಿ ತಿರುವಿದಳು. ಮೂರು ವಾರ ಒದ್ದಾಡಿ ಎಲ್ಲವನ್ನೂ ಒಂದೇ ಫೈಲಿಗೆ ತಂದಳು. ಈಗ ಪ್ರತಿ ಪರೀಕ್ಷೆಯೂ ಶುರುವಾಗುವ ಮುಂಚೆ ಆ ಫೈಲನ್ನು ಓದಿಕೊಳ್ಳುತ್ತದೆ. ಓದಲು ಆಗದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಆಸ್ಪತ್ರೆಯಿಂದ ರೋಗಿಗಳಿಗೆ ಹೋಗುವ ಮೆಸೇಜು ನಿಜವಾಗಿ ತಲುಪುತ್ತದೆಯೇ ಎಂದು ನೋಡಲು ಫೈಲಿನಲ್ಲಿ ಒಂದು ಫೋನ್ ನಂಬರು ಬೇಕಿತ್ತು. ಅಮ್ಮನದ್ದು ಹಾಕಿದಳು. ‘ನಾಳೆ ಎಂಟಕ್ಕೆ ನಿಮ್ಮ ಆಪರೇಷನ್’, ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ದಿನವಿಡೀ ಬರತೊಡಗಿತು. ಮೊದಲ ದಿನ ಗಾಬರಿಬಿದ್ದ ಅಮ್ಮ ತಿಂಗಳಾಗುವಷ್ಟರಲ್ಲಿ ಪಳಗಿಬಿಟ್ಟಳು. "ಇವತ್ತು ನನಗೆ ಮೂರು ಆಪರೇಷನ್ನು, ಎರಡು ಹೆರಿಗೆ ಕಣೋ" ಎಂದು ನಗುತ್ತಿದ್ದಳು. ಓದುವುದು, ಅಳಿಸುವುದು, ಬಂತೆಂದು ಮಗಳಿಗೆ ಹೇಳುವುದು ಅವಳ ಕೆಲಸವೇ ಆಯಿತು.

ಅದೇ ಅಮ್ಮ ಎಡಗಣ್ಣಿನ ಆಪರೇಷನ್ನಿಗಾಗಿ ಐದು ತಿಂಗಳಿಂದ ಸರದಿಯಲ್ಲಿದ್ದಳು. ಕಣ್ಣಿನೊಳಗಿನ ಒತ್ತಡ ಏರುತ್ತಲೇ ಇತ್ತು. "ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೋಬೇಕು" ಎಂದಿದ್ದರು ಡಾಕ್ಟರು. ಆ ಆಸ್ಪತ್ರೆಯಲ್ಲೂ ಅಕ್ಕನ ಕಂಪನಿಯದ್ದೇ ಸಾಫ್ಟ್‌ವೇರ್. ಮೂವರಿಗೂ ಗೊತ್ತಿತ್ತು, ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇವತ್ತಿಗೂ ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು.

ಅವತ್ತು ಬೆಳಿಗ್ಗೆಯಿಂದ ಅಕ್ಕನ ಪರೀಕ್ಷೆಗಳು ಓಡಿರಲಿಲ್ಲ. ಆಫೀಸಿನಲ್ಲಿ ಯಾರೋ ಫೈಲನ್ನು ಬೇರೆ ಕಡೆ ಇಟ್ಟಿದ್ದರು. ಇವಳು ಕಂಡಕಂಡವರಿಗೆ ಫೋನು ಮಾಡುತ್ತಾ, ನನ್ನ ಸೀಮೆಸುಣ್ಣ ಮುರಿದು ಪುಡಿ ಮಾಡುತ್ತಾ, ಕೂತಲ್ಲಿ ಕೂರದೆ ನನ್ನ ತಲೆ ತಿನ್ನುತ್ತಿದ್ದಳು. ಹನ್ನೊಂದು ಮುಕ್ಕಾಲಿಗೆ ಅಮ್ಮ ಟೀ ತಂದಳು.

"ಒಂಬತ್ತೂವರೆಗೆ ಒಂದು ಬಂತು ಕಣೇ. ಅಳಿಸಿದೆ."

"ಸರಿಯಮ್ಮ" ಎಂದು ಲೋಟ ತೆಗೆದುಕೊಂಡ ಅಕ್ಕ ಹಾಗೇ ನಿಂತಳು. "ಬಂತಾ? ಬರೋಕೆ ಹೇಗಮ್ಮ ಸಾಧ್ಯ? ಇವತ್ತು ಫೈಲೇ ಓದ್ಕೊಂಡಿಲ್ಲ. ನಾನು ಒಂದೂ ಕಳಿಸಿಲ್ಲ!"

ಹಾಗಾದರೆ ಅದು ಆಸ್ಪತ್ರೆಯಿಂದಲೇ ಬಂದದ್ದು. ಆಸ್ಪತ್ರೆಗೆ ಫೋನು ಹಚ್ಚಿದರೆ ‘ದಯವಿಟ್ಟು ಕಾಯಿರಿ’ ಎನ್ನುವ ದನಿ ಬಿಟ್ಟರೆ ಬೇರೇನಿಲ್ಲ. ಅಂಗಡಿಗೆ ಬೀಗ ಹಾಕಿದೆ. ಅಮ್ಮನನ್ನು ಸ್ಕೂಟರಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹೊರಟೆವು. ಪ್ರತಿ ಸಿಗ್ನಲ್ಲಿನಲ್ಲೂ ಅಕ್ಕ ಹಿಂದಿನಿಂದ, "ಹೋಗೋ, ಹೋಗೋ" ಎಂದು ಬೆನ್ನಿಗೆ ಗುದ್ದುತ್ತಿದ್ದಳು.

ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದಳು: "ಒಬ್ಬರು ಬರಲ್ಲ ಅಂದ್ರು, ನಾಳೆಗೆ ಇವರನ್ನ ಕರೆದಿದ್ವಿ. ಹನ್ನೆರಡರೊಳಗೆ ಒಪ್ಪಿಗೆ ಕಳಿಸಬೇಕಿತ್ತು." ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಜಾಗ ಮುಂದಿನವರಿಗೆ ಹೋಗಿತ್ತು. ಇನ್ನು ಎರಡು ತಿಂಗಳು.

"ತಪ್ಪು ನಂದು ಮೇಡಂ, ಅವರದ್ದಲ್ಲ" ಎಂದು ಅಕ್ಕ ಕೈಮುಗಿದಳು. ಅವಳು ತನ್ನ ತಪ್ಪು ಒಪ್ಪಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನೂ ಪ್ರಯೋಜನವಾಗಲಿಲ್ಲ.

ಹೊರಗಿನ ಬೆಂಚಿನ ಬಳಿ ಅವಳು ಅಮ್ಮನ ಮುಂದೆ ನಿಂತು ಕೇಳಿದಳು: "ಅಮ್ಮಾ, ಅದರಲ್ಲಿ ನಿನ್ನ ಹೆಸರಿತ್ತಾ?"

"ಇತ್ತು. ಪೂರ್ತಿ ಹೆಸರು."

"ನಾನು ಕಳಿಸೋದ್ರಲ್ಲಿ ‘ಪರೀಕ್ಷಾ ರೋಗಿ’ ಅಂತ ಇರುತ್ತಲ್ಲಮ್ಮ! ಆಗಲೂ ಅನುಮಾನ ಬರಲಿಲ್ವಾ?"

ಅಮ್ಮ ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು.

"ದಿನಾ ಅದನ್ನೇ ಓದ್ತಿದ್ನಲ್ಲೇ. ಇವತ್ತು ನನ್ನ ಹೆಸರು ಕಂಡಾಗ, ಕೊನೆಗೂ ನನ್ನ ಮಗಳು ನನ್ನ ಹೆಸರೂ ಹಾಕಿದಾಳೆ ಅಂದ್ಕೊಂಡೆ. ಖುಷಿಯಾಯ್ತು. ಅಳಿಸೋ ಮುಂಚೆ ಎರಡು ಸಲ ಓದಿದೆ."