ನೋ ಕಂಪ್ಲೇಂಟ್, ಸರ್

...ಹಾಂ, ನಿನ್ನೆ ನಿಮಗೆ ಹೇಳುತ್ತಿದ್ದ ಕಥೆಯನ್ನು ಮೊಣಕಾಲಿನ ಹತ್ತಿರ ನಿಲ್ಲಿಸಿದ್ದೆ. ಡಿಸೆಬಿಲಿಟಿ ಪಿಂಚಣಿಗೆ ಹಾಕಿದ ನನ್ನ ಅರ್ಜಿ ವಾಪಸ್ ಬಂತು, ಹೊಸದಾಗಿ ಮೆಡಿಕಲ್ ಆಗಬೇಕಂತೆ, ಅಲ್ಲಿಯವರೆಗೆ ಹೇಳಿದ್ದೆ.

ಸಿಕ್ಕಿಂನಲ್ಲಿ ಮಿಲಿಟರಿ ಲಾರಿ ಮಗುಚಿದಾಗ ಹೋದ ಎಡ ಮೊಣಕಾಲು ಅದು. ಹೊಸದಾಗಿ ನೋಡಿದರೆ ಮಡಚುತ್ತದೆ ಅಂದುಕೊಂಡಿದ್ದಾರೋ ಏನೋ... ಇರಲಿ.

ಸೈನ್ಯದಲ್ಲಿ ನಮಗೊಂದು ಅಭ್ಯಾಸ. ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಸಾಲಾಗಿ ನಿಲ್ಲಿಸಿ, ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಎದೆಯುಬ್ಬಿಸಿ "ನೋ ಕಂಪ್ಲೇಂಟ್, ಸರ್" ಅನ್ನಬೇಕು. ತೊಂದರೆ ಇದೆ ಎಂದವನಿಗೆ ಪ್ರಮೋಷನ್ ಇಲ್ಲ.

ಕಳೆದ ವರ್ಷ ಮೆಡಿಕಲ್ ಬೋರ್ಡಿನ ಮುಂದೆಯೂ ಬಾಯಿಗೆ ಅದೇ ಬಂತು. ಪುಣ್ಯಕ್ಕೆ ಹೆಂಡತಿ ಸುಮತಿ ಜೊತೆಗಿದ್ದಳು.

"ಎಂಥ ನೋ ಕಂಪ್ಲೇಂಟ್ ಮಾರಾಯ್ರೆ? ದಿನಾ ಬೆಳಗ್ಗೆ ನಿಮ್ಮ ಎಡಗಾಲಿಗೆ ಸಾಕ್ಸ್ ಹಾಕುದು ಯಾರು, ಈ ಡಾಕ್ಟ್ರಾ?"

ಆಮೇಲೆ ಅದನ್ನೇ ಹಿಂದಿಯಲ್ಲಿ ಡಾಕ್ಟರಿಗೂ ಹೇಳಿದಳು.

ಇಲ್ಲಿಯ ಬಂಗಾಳಿಗಳ ದಸರಾ, ಅಂದರೆ ಪೂಜೋ, ಮುಗಿದ ವಾರ ಅವಳು ಹೋದಳು. ಅರ್ಜಿ ವಾಪಸ್ ಬಂದದ್ದು ಅದಾದ ಮೇಲೆ.

ಮೊನ್ನೆ ಡಮ್ ಡಮ್‌ನಿಂದ ಮೆಟ್ರೊ ಹಿಡಿದು ಹೊಸ ಮೆಡಿಕಲ್ಲಿಗೆ ಒಬ್ಬನೇ ಹೋದೆ. ಅರ್ಧಕ್ಕೆ ಬಿಟ್ಟ ಕಾಲೇಜಿನ ಇಂಗ್ಲಿಷನ್ನೆಲ್ಲ ಕೂಡಿಹಾಕಿ ದಾರಿಯುದ್ದಕ್ಕೂ ಬಾಯಿಪಾಠ. ಐ ಬೆಗ್ ಟು ಸ್ಟೇಟ್ ದಟ್ ಮೈ ನೀ ಡಸ್ ನಾಟ್ ಬೆಂಡ್... ಪಕ್ಕದವರು ಎದ್ದು ಬೇರೆ ಕಡೆ ಹೋಗಿ ನಿಂತರು. ಕಾಲು ಚಾಚಲು ಅನುಕೂಲವಾಯಿತು.

ಡಾಕ್ಟರ್ ನನ್ನ ಮಗಳ ವಯಸ್ಸಿನವರು, ಹೆಗಲ ಮೇಲೆ ಮೇಜರ್ ಪಟ್ಟಿ.

"ಕೋಯಿ ತಕಲೀಫ್, ಕಾಕು?" ಏನಾದರೂ ತೊಂದರೆ ಇದೆಯೇ ಚಿಕ್ಕಪ್ಪ, ಅಂತ.

ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. "ನೋ ಕಂಪ್ಲೇಂಟ್, ಸರ್."

ಮೇಡಮ್ಮಿಗೆ ಸರ್ ಅಂದದ್ದು ಬೇರೆ. ಅವರು ಹಾಗೆಯೇ ಬರೆದುಕೊಂಡರು. ಬಾಗಿಲ ಕಡೆ ನೋಡಿದೆ, ಅಲ್ಲಿ ಬೆಂಚು ಖಾಲಿ. ಅಲ್ಲಿಗೆ ನನ್ನ ಅರ್ಜಿ ಮುಗಿಯಿತು ಅಂದುಕೊಂಡೆ.

ಆಮೇಲೆ ಶೂ ಬಿಚ್ಚಲು ಹೇಳಿದರು. ಬಲಗಾಲಿನಲ್ಲಿ ಒಗೆದ ಬಿಳಿ ಸಾಕ್ಸ್. ಎಡಗಾಲು ಬರಿಗಾಲು. ಶೂ ಆದರೆ ನಿಂತುಕೊಂಡೇ ಹೇಗೋ ತೂರಿಸಬಹುದು, ಸಾಕ್ಸಿಗೆ ಬಗ್ಗಲೇಬೇಕಲ್ಲ.

"ಇನ್ನೊಂದು ಸಾಕ್ಸ್ ಎಲ್ಲಿ ಕಾಕು?"

"ವೈಫ್ ಎಕ್ಸ್‌ಪೈರ್ಡ್, ಸರ್."

ಮೇಡಮ್ ಮೊದಲು ಬರೆದದ್ದಕ್ಕೆ ಗೀಟು ಹಾಕಿ, ಕೆಳಗೆ ಉದ್ದಕ್ಕೆ ಏನೋ ಬರೆದರು. ಎದ್ದು ಬಂದು ಶೂ ತೊಡಿಸಲು ಸಹಾಯವನ್ನೂ ಮಾಡಿದರು. ಬರೆದದ್ದು ಏನೆಂದು ನಾನು ಕೇಳಲಿಲ್ಲ. ಉತ್ತರ ಇನ್ನೂ ಬಂದಿಲ್ಲ.

ಓ, ಬೆಳಕು ಹೋಗುತ್ತಿದೆ. ಲೈಟ್ ಹಾಕಲು ಈಗಲೇ ಏಳಲು ಶುರುಮಾಡಬೇಕು...

ಅಂದಹಾಗೆ, ಬಗ್ಗದೆ ಸಾಕ್ಸ್ ಹಾಕಿಕೊಳ್ಳುವ ಉಪಾಯ ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?